ಚರ್ಮ ಸೂಕ್ಷ್ಮ ಇರುವ ಬಸುರಿಗೆ ಅರಿವಳಿಕೆ: ಮೊದಲೇ ಹೇಳಿದರೆ ಅರ್ಧ ಗೆದ್ದ ಹಾಗೆ

(ಸ್ವಸಹಾಯ ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಆರೋಗ್ಯ ಪಾಠ)



ಉಳಿತಾಯ, ಸಾಲ, ಮರುಪಾವತಿ ಇವುಗಳ ಲೆಕ್ಕ ನಮ್ಮ ಪ್ರತಿ ಸಭೆಯಲ್ಲೂ ಇದ್ದೇ ಇರುತ್ತೆ. ಈ ಸಾರಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಒಂದು ಬೇರೆ ವಿಷಯ ಕಲಿಯೋಣ. ಇದು ಬಹಳ ಅಪರೂಪದ ಕಾಯಿಲೆಯ ವಿಷಯ. ನಮ್ಮ ಹೋಬಳಿಯಲ್ಲಿ ಇಂಥವರು ಒಬ್ಬರೂ ಇಲ್ಲದೆ ಇರಬಹುದು. ಆದರೆ ಒಬ್ಬಳಿದ್ದರೆ, ಆಕೆಗೆ ಈ ಪಾಠ ಪ್ರಾಣಕ್ಕೆ ಸಮ.

ಒಂದು ಊರು, ಒಬ್ಬ ಹೆಣ್ಣುಮಗಳು ಎಂದು ಇಟ್ಟುಕೊಳ್ಳೋಣ. ಚಿಕ್ಕಂದಿನಿಂದಲೂ ಆಕೆಯ ಮೈ ಬಲು ಸೂಕ್ಷ್ಮ. ಚಪ್ಪಲಿ ಉಜ್ಜಿದರೆ ಗುಳ್ಳೆ, ಬಿಂದಿಗೆ ಸೊಂಟಕ್ಕೆ ತಾಗಿದರೆ ಗುಳ್ಳೆ, ಕಬ್ಬಿನ ಗರಿ ಸವರಿದರೂ ತೊಗಲು ಕಿತ್ತುಬರುತ್ತೆ. "ನಾಗದೋಷ ಕಣವ್ವ" ಅಂತ ಒಬ್ಬರು, "ಅಂಟುರೋಗ ಇರ್‍ಬೇಕು, ದೂರ ಇರು" ಅಂತ ಇನ್ನೊಬ್ಬರು. ಹೇಗೋ ಮದುವೆ ಆಯ್ತು, ಬಸುರಾದಳು. ಸೀಮಂತದ ದಿನ ಬಳೆಗಾರ ಕೈ ಹಿಸುಕಿ ಬಳೆ ಏರಿಸುವಾಗ ಮುಂಗೈ ಚರ್ಮ ಸುಲಿದು ಬಂತು. ನಾಚಿಕೆಗೆ ಸೆರಗು ಮುಚ್ಚಿಕೊಂಡಳು. ಹೆರಿಗೆ ನೋವು ಬಂದಾಗ ರಾತ್ರಿ ಆಸ್ಪತ್ರೆಗೆ ಹೋದರು. ಮಗು ಅಡ್ಡ ಇತ್ತು, ಆಪರೇಷನ್ ಬೇಕಾಯ್ತು. ಸಿಸ್ಟರ್ ಎಲ್ಲರಿಗೂ ಮಾಡುವ ಹಾಗೆ ಕೈಗೆ ಸೂಜಿ ಹಾಕಿ ಪ್ಲಾಸ್ಟರ್ ಅಂಟಿಸಿದರು, ಎದೆಗೆ ಅಂಟು ಬಿಲ್ಲೆ ಹಾಕಿದರು, ಬೆನ್ನಿಗೆ ಔಷಧಿ ಉಜ್ಜಿದರು. ಮಾರನೇ ದಿನ ಪ್ಲಾಸ್ಟರ್ ತೆಗೆದಾಗ ಅದರ ಜೊತೆ ಚರ್ಮವೂ ಬಂತು. ಮಗು ಉಳಿಯಿತು, ತಾಯಿ ಉಳಿದಳು, ಆದರೆ ಕೈ, ಎದೆ, ಬೆನ್ನು ಎಲ್ಲಾ ಹಸಿ ಗಾಯ.

ಇದರಲ್ಲಿ ತಪ್ಪು ಯಾರದು? ಸಿಸ್ಟರ್ ಬೇಕಂತ ಮಾಡಲಿಲ್ಲ. ಡಾಕ್ಟರಿಗೆ ಗೊತ್ತಿರಲಿಲ್ಲ. ಆಕೆ ಹೇಳಲಿಲ್ಲ, ಮನೆಯವರೂ ಹೇಳಲಿಲ್ಲ. ಹೇಳಬೇಕು ಅಂತ ಯಾರೂ ಆಕೆಗೆ ತಿಳಿಸಿರಲಿಲ್ಲ. ಈ ಪಾಠ ಇರುವುದು ಇದೊಂದೇ ಮಾತಿಗಾಗಿ: ಮೊದಲೇ ಹೇಳಬೇಕು.

ಏನಿದು ಕಾಯಿಲೆ?

ಇದರ ಹೆಸರು ಎಪಿಡರ್ಮೊಲೈಸಿಸ್ ಬುಲ್ಲೋಸಾ. ಡಾಕ್ಟರುಗಳು ಚಿಕ್ಕದಾಗಿ ಇ.ಬಿ. ಅಂತಾರೆ. ಚಿಟ್ಟೆಯ ರೆಕ್ಕೆಯಷ್ಟು ನಾಜೂಕು ಚರ್ಮ ಅಂತ ಇಂಥ ಮಕ್ಕಳನ್ನು ಹೊರದೇಶಗಳಲ್ಲಿ ಚಿಟ್ಟೆ ಮಕ್ಕಳು ಎಂದು ಕರೆಯುವುದುಂಟು. ಅಮೆರಿಕದಲ್ಲಿ ಲೆಕ್ಕ ಇಟ್ಟವರ ಪ್ರಕಾರ ಸುಮಾರು 50,000 ಹೆರಿಗೆಗೆ ಒಂದು ಮಗುವಿಗೆ ಇದು ಇರುತ್ತೆ.

ನಮ್ಮ ಚರ್ಮದಲ್ಲಿ ಮೇಲಿನ ಪದರ, ಕೆಳಗಿನ ಪದರ ಅಂತ ಎರಡಿವೆ. ಎರಡು ಹಳೇ ಸೀರೆ ಸೇರಿಸಿ ಹೊದಿಕೆ ಹೊಲಿಯುತ್ತೇವಲ್ಲ, ಹಾಗೆ ಈ ಎರಡು ಪದರವನ್ನು ಹಿಡಿದಿಡುವ ಸಣ್ಣ ಸಣ್ಣ ಹೊಲಿಗೆಗಳು ಇವೆ. ಇವು ಒಂದು ಬಗೆಯ ಪ್ರೋಟೀನು. ಇ.ಬಿ. ಇರುವವರಲ್ಲಿ ಹುಟ್ಟಿನಿಂದಲೇ ಈ ಹೊಲಿಗೆ ಸಡಿಲ, ಇಲ್ಲವೇ ಇರುವುದೇ ಇಲ್ಲ. ಆದ್ದರಿಂದ ಸ್ವಲ್ಪ ಉಜ್ಜಿದರೂ ಮೇಲಿನ ಪದರ ಜಾರುತ್ತೆ, ನಡುವೆ ನೀರು ತುಂಬಿ ಗುಳ್ಳೆ ಆಗುತ್ತೆ.

ಒಂದು ಮುಖ್ಯ ಗುಟ್ಟು ಇಲ್ಲಿದೆ. ನಾವು ಹಿದುಕಿದ ಅವರೆ ಸಾರು ಮಾಡುವಾಗ ಕಾಳು ನೆನೆಸುತ್ತೇವೆ. ನೆನೆದ ಕಾಳನ್ನು ತಟ್ಟೆಯಲ್ಲಿಟ್ಟು ಮೇಲಿನಿಂದ ಮೆಲ್ಲಗೆ ಬೆರಳಿಟ್ಟರೆ ಸಿಪ್ಪೆಗೆ ಏನೂ ಆಗಲ್ಲ. ಆದರೆ ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಹಿದುಕಿದರೆ ಸಿಪ್ಪೆ ಚಿಮ್ಮಿ ಬರುತ್ತೆ. ಇ.ಬಿ. ಚರ್ಮವೂ ಹಾಗೇ. ನೇರವಾಗಿ ಮೆತ್ತಗೆ ಒತ್ತಿದರೆ ತಡೆದುಕೊಳ್ಳುತ್ತೆ. ಎಳೆದರೆ, ಉಜ್ಜಿದರೆ, ಅಂಟಿಸಿ ಕಿತ್ತರೆ ತಡೆಯಲ್ಲ. ಈ ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥ ಆಗುತ್ತೆ.

ಇದರಲ್ಲಿ ಹಲವು ಬಗೆ ಇವೆ. ಹಗುರ ಬಗೆಯಲ್ಲಿ ಅಂಗೈ, ಅಂಗಾಲಿಗೆ ಮಾತ್ರ ಗುಳ್ಳೆ ಬರುತ್ತೆ. ಇಂಥವರು ಎಲ್ಲರ ಹಾಗೆ ದುಡಿದು ಬಾಳುತ್ತಾರೆ. ಕೆಲವರಿಗೆ ತಮಗೆ ಒಂದು ಕಾಯಿಲೆ ಇದೆ ಅಂತಲೇ ಗೊತ್ತಿರಲ್ಲ. ಜೋರು ಬಗೆಯಲ್ಲಿ ಬಾಯಿ, ಗಂಟಲು, ಅನ್ನನಾಳದ ಒಳಗೂ ಗುಳ್ಳೆ ಆಗುತ್ತೆ. ಗಾಯ ಮಾಗಿ ಮಾಗಿ ಬೆರಳುಗಳು ಕೂಡಿಕೊಳ್ಳುತ್ತವೆ, ಬಾಯಿ ಪೂರ್ತಿ ತೆರೆಯಲು ಆಗಲ್ಲ, ಊಟ ಇಳಿಯಲ್ಲ, ರಕ್ತ ಕಡಿಮೆ ಆಗುತ್ತೆ.

ಇನ್ನೆರಡು ಮಾತು ಗಟ್ಟಿಯಾಗಿ ಹೇಳ್ತೇವೆ. ಇದು ಕುಷ್ಠ ಅಲ್ಲ, ಅಂಟುರೋಗವೂ ಅಲ್ಲ. ಪಕ್ಕದಲ್ಲಿ ಕೂತರೆ, ಒಂದೇ ಲೋಟದಲ್ಲಿ ಕುಡಿದರೆ ಬರಲ್ಲ. ಯಾರ ದೋಷದಿಂದಲೂ ಬಂದಿದ್ದಲ್ಲ. ಇದು ತಂದೆತಾಯಿಯಿಂದ ಬರುವ ವಂಶವಾಹಿಯಲ್ಲಿನ ಕೊರತೆ.

ಇಂಥವರಿಗೆ ಹೆರಿಗೆ ಆಗುತ್ತಾ?

ಆಗುತ್ತೆ. ಬೇರೆ ಬೇರೆ ದೇಶಗಳಲ್ಲಿ ಇ.ಬಿ. ಇರುವ ಹೆಂಗಸರು ಹೆತ್ತಿದ್ದಾರೆ, ಜೋರು ಬಗೆ ಇರುವವರೂ ಹೆತ್ತಿದ್ದಾರೆ. ಹೆರಿಗೆ ಮಾಡಿಸಿದ ವೈದ್ಯರು ಕಂಡುಕೊಂಡಿದ್ದು ಏನಂದರೆ, ಬೇರೆ ತೊಂದರೆ ಇಲ್ಲದಿದ್ದರೆ ಸಹಜ ಹೆರಿಗೆಯೇ ಆಗಬಹುದು. ಚರ್ಮದ ಕಾಯಿಲೆ ಇದೆ ಅಂತಲೇ ಹೊಟ್ಟೆ ಕೊಯ್ಯಬೇಕಾಗಿಲ್ಲ. ಆಪರೇಷನ್ ಮಾಡಲೇಬೇಕಾಗಿ ಬಂದರೂ ಹೊಟ್ಟೆಯ ಹೊಲಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಮಾಗುತ್ತೆ. ತೊಂದರೆ ಆಗುವುದು ಕೊಯ್ದ ಜಾಗದಲ್ಲಿ ಅಷ್ಟಾಗಿ ಅಲ್ಲ. ಅಂಟಿಸಿದ, ಎಳೆದ, ಉಜ್ಜಿದ ಜಾಗಗಳಲ್ಲಿ.

ಅದಕ್ಕೇ ಇಲ್ಲಿ ಅರಿವಳಿಕೆ ವೈದ್ಯರ ಪಾತ್ರ ದೊಡ್ಡದು. ನಾವು 'ಮತ್ತು ಕೊಡೋ ಡಾಕ್ಟರು' ಅಂತೀವಲ್ಲ, ಅವರೇ. ಸೂಜಿ ಹಾಕುವುದು, ಬಿ.ಪಿ. ನೋಡುವುದು, ಎದೆಬಡಿತ ನೋಡುವುದು, ಉಸಿರಾಟ ಕಾಯುವುದು ಎಲ್ಲಾ ಅವರ ಕೆಲಸ. ಹೆರಿಗೆ ಡಾಕ್ಟರು ಮಗುವನ್ನು ನೋಡುತ್ತಿರುವಾಗ ತಾಯಿಯ ಮೈಯನ್ನು ಕಾಯುವವರು ಇವರು. ಬಸುರಿ ಇವರ ಮುಖ ನೋಡುವುದು ಸಾಮಾನ್ಯವಾಗಿ ಆಪರೇಷನ್ ಕೋಣೆಯಲ್ಲೇ. ಸೂಕ್ಷ್ಮ ಚರ್ಮದ ಬಸುರಿಗೆ ಅಷ್ಟು ತಡ ಆಗಬಾರದು. ಏಳನೇ ತಿಂಗಳ ಹೊತ್ತಿಗೆ ಆಕೆ ಇವರನ್ನು ಕಂಡು ಮಾತಾಡಿರಬೇಕು.

ಅರಿವಳಿಕೆ ಯಾವುದು ಒಳ್ಳೆಯದು?

ನೋವು ತಿಳಿಯದ ಹಾಗೆ ಮಾಡಲು ಎರಡು ದಾರಿ ಇವೆ.

ಒಂದು, ಬೆನ್ನಿಗೆ ಇಂಜೆಕ್ಷನ್. ಸೊಂಟದಿಂದ ಕೆಳಗೆ ಜೋಮು ಹಿಡಿಯುತ್ತೆ, ತಾಯಿಗೆ ಎಚ್ಚರ ಇರುತ್ತೆ. ಒಂದೇ ಸಾರಿ ಚುಚ್ಚಿ ಸೂಜಿ ತೆಗೆಯುವುದು ಸ್ಪೈನಲ್. ಸಣ್ಣ ಕೊಳವೆ ಬಿಟ್ಟು ಆಗಾಗ ಔಷಧಿ ಕೊಡುವುದು ಎಪಿಡ್ಯೂರಲ್. "ಇಷ್ಟು ನಾಜೂಕು ಚರ್ಮಕ್ಕೆ ಬೆನ್ನಲ್ಲಿ ಚುಚ್ಚಬಹುದಾ?" ಅಂತ ಭಯ ಬರುವುದು ಸಹಜ. ಸೂಜಿ ನೇರವಾಗಿ ಒಳಗೆ ಹೋಗುತ್ತೆ, ಚರ್ಮವನ್ನು ಪಕ್ಕಕ್ಕೆ ಎಳೆಯಲ್ಲ. ಅವರೆಕಾಳಿನ ಮಾತು ನೆನಪಿಸಿಕೊಳ್ಳಿ. ಚುಚ್ಚುವ ಜಾಗದಲ್ಲಿ ಗಾಯ, ಕೀವು ಇಲ್ಲದಿದ್ದರೆ ಬೆನ್ನಿನ ಇಂಜೆಕ್ಷನ್ ಇ.ಬಿ. ಇರುವವರಿಗೆ ಕೊಡಬಹುದು, ಕೊಟ್ಟಿದ್ದಾರೆ. ಎಪಿಡ್ಯೂರಲ್ ಕೊಳವೆಯನ್ನು ಬೆನ್ನಿಗೆ ಪ್ಲಾಸ್ಟರ್ ಹಾಕಿ ಅಂಟಿಸುವುದು ಮಾತ್ರ ಬೇಡ. ಚರ್ಮ ಕೀಳದ ಸಿಲಿಕೋನ್ ಪಟ್ಟಿ ಅದಕ್ಕೆ ಸಿಗುತ್ತೆ.

ಎರಡು, ಪೂರ್ತಿ ಮತ್ತು. ಇದರಲ್ಲಿ ಎಚ್ಚರ ತಪ್ಪಿಸಿ ಬಾಯಿಯ ಮೂಲಕ ಉಸಿರುನಾಳಕ್ಕೆ ಕೊಳವೆ ಹಾಕಬೇಕು. ಬಾಯಿ ಸಣ್ಣಗಾಗಿದ್ದರೆ, ನಾಲಿಗೆ ಅಂಟಿಕೊಂಡಿದ್ದರೆ, ಕತ್ತು ಹಿಂದಕ್ಕೆ ಬಾಗದಿದ್ದರೆ ಕೊಳವೆ ಹಾಕುವುದು ಬಹಳ ಕಷ್ಟ. ಬಾಯೊಳಗೆ ಗುಳ್ಳೆ ಒಡೆದು ರಕ್ತ ಬರಬಹುದು. ಬಸುರಿಗೆ ಹೇಗಿದ್ದರೂ ಉಸಿರುನಾಳದ ಒಳಗೆ ಊತ ಇರುತ್ತೆ, ಹೊಟ್ಟೆಯಲ್ಲಿದ್ದುದು ಮೇಲಕ್ಕೆ ಬರುವ ಅಪಾಯವೂ ಇರುತ್ತೆ. ಆದ್ದರಿಂದ ಇದು ಬೇಕೇಬೇಕಾದಾಗ ಮಾತ್ರ. ಆದರೆ ರಕ್ತಸ್ರಾವ, ಪಿಟ್ಸ್ ಇಂಥ ತುರ್ತು ಬಂದಾಗ ಬೇಕಾಗಬಹುದು. ಅದಕ್ಕಾಗಿಯೇ ಮೊದಲೇ ಬಾಯಿ, ಗಂಟಲು ಪರೀಕ್ಷೆ ಮಾಡಿಸಿಟ್ಟಿರಬೇಕು. ರಾತ್ರಿ 2 ಗಂಟೆಗೆ, ರಕ್ತ ಹೋಗುತ್ತಿರುವಾಗ, ಬಾಯಿ ತೆರೆಯಲ್ಲ ಅಂತ ಡಾಕ್ಟರಿಗೆ ಮೊದಲ ಸಲ ಗೊತ್ತಾದರೆ ಅದು ತಾಯಿ ಜೀವಕ್ಕೇ ಅಪಾಯ.

ಯಾವುದು ಕೊಡಬೇಕು ಅನ್ನುವುದು ಡಾಕ್ಟರ ತೀರ್ಮಾನ. ನಮ್ಮ ಕೆಲಸ ಅವರಿಗೆ ಯೋಚನೆ ಮಾಡಲು ಸಮಯ ಕೊಡುವುದು.

ಆಪರೇಷನ್ ಕೋಣೆಯಲ್ಲಿ ಎಲ್ಲೆಲ್ಲಿ ಎಚ್ಚರ?

ಇವು ಆಸ್ಪತ್ರೆಯವರು ಮಾಡುವ ಕೆಲಸಗಳು. ಆದರೂ ನಮಗೆ ಗೊತ್ತಿದ್ದರೆ ಕೇಳಬಹುದು, ನೆನಪಿಸಬಹುದು.

1. ಮಂಚ ಬದಲಿಸುವಾಗ: ಒಂದು ಮಂಚದಿಂದ ಇನ್ನೊಂದಕ್ಕೆ ಎಳೆದು ಸರಿಸಬಾರದು. ಆಕೆಯೇ ನಿಧಾನವಾಗಿ ಸರಿದರೆ ಎಲ್ಲಕ್ಕಿಂತ ಮೇಲು. ಆಗದಿದ್ದರೆ ನಾಲ್ಕು ಜನ ಹಾಸಿದ ದುಪ್ಪಟಿಯ ಸಮೇತ ಎತ್ತಿ ಇಡಬೇಕು. ಕಂಕುಳಿಗೆ ಕೈ ಹಾಕಿ ಎಳೆಯಬಾರದು. ಮಂಚದ ಮೇಲೆ ಮೆತ್ತನೆ ಹಾಸಿಗೆ, ಸುಕ್ಕಿಲ್ಲದ ಬಟ್ಟೆ ಇರಬೇಕು.

2. ಕೈಗೆ ಸೂಜಿ ಹಾಕುವಾಗ: ರಬ್ಬರ್ ಪಟ್ಟಿ ನೇರ ಚರ್ಮದ ಮೇಲೆ ಬಿಗಿಯಬಾರದು. ಕೆಳಗೆ ಹತ್ತಿ ಸುತ್ತಬೇಕು, ಇಲ್ಲವೇ ಒಬ್ಬರು ಅಂಗೈಯಿಂದ ನೇರವಾಗಿ ಅಮುಕಿ ಹಿಡಿಯಬೇಕು. ಸ್ಪಿರಿಟ್ ಉಜ್ಜಬಾರದು, ಒತ್ತಿ ಒತ್ತಿ ತೆಗೆಯಬೇಕು. ಸೂಜಿ ನಿಲ್ಲಿಸಲು ಪ್ಲಾಸ್ಟರ್ ಬೇಡ. ಸಿಲಿಕೋನ್ ಪಟ್ಟಿ ಇಟ್ಟು ಮೇಲೆ ಸುತ್ತುವ ಬ್ಯಾಂಡೇಜು ಸಾಕು.

3. ಬಿ.ಪಿ. ನೋಡುವಾಗ: ತೋಳಿಗೆ ದಪ್ಪವಾಗಿ ಹತ್ತಿ ಸುತ್ತಿ ಅದರ ಮೇಲೆ ಪಟ್ಟಿ ಕಟ್ಟಬೇಕು. ಬಟ್ಟೆಯಲ್ಲಿ ಮಡಿಕೆ ಇರಬಾರದು.

4. ಎದೆಬಡಿತ ನೋಡುವ ಬಿಲ್ಲೆ: ಅದರ ಅಂಟಿನ ಅಂಚನ್ನು ಕತ್ತರಿಸಿ, ನಡುವಿನ ಜೆಲ್ ಇರುವ ಭಾಗ ಮಾತ್ರ ಮೈಗೆ ತಾಗುವ ಹಾಗೆ ಇಡಬಹುದು. ಬೆರಳಿಗೆ ಹಾಕುವ ಆಮ್ಲಜನಕದ ಯಂತ್ರ ಕ್ಲಿಪ್ ಇರುವುದಾಗಿರಲಿ, ಅಂಟಿಸುವುದು ಬೇಡ. ರಕ್ತ ನಿಲ್ಲಿಸುವ ಕರೆಂಟ್ ಯಂತ್ರಕ್ಕೂ ಒಂದು ಅಂಟು ಪ್ಲೇಟು ಇರುತ್ತೆ, ಅದನ್ನೂ ನೆನಪಿಸಿ.

5. ಬೆನ್ನಿಗೆ ಚುಚ್ಚುವಾಗ: ಔಷಧಿಯನ್ನು ಉಜ್ಜದೆ ಸುರಿಯಬೇಕು ಅಥವಾ ಒತ್ತಿ ಹಚ್ಚಬೇಕು. ಹೊಟ್ಟೆಯ ಮೇಲೂ ಹಾಗೇ. ಕೂದಲು ತೆಗೆಯಲು ಬ್ಲೇಡ್ ಬೇಡ.

6. ಪೂರ್ತಿ ಮತ್ತು ಕೊಟ್ಟರೆ: ಮುಖದ ಮಾಸ್ಕಿನ ಕೆಳಗೆ ವ್ಯಾಸಲೀನ್ ಹಚ್ಚಿದ ಬಟ್ಟೆ. ಕೊಳವೆಗೆ ಧಾರಾಳ ಜೆಲ್ಲಿ. ಕೊಳವೆಯನ್ನು ಮುಖಕ್ಕೆ ಅಂಟಿಸದೆ ಮೆತ್ತನೆ ಬಟ್ಟೆಯ ಪಟ್ಟಿಯಿಂದ ಕಟ್ಟಬೇಕು. ಕಣ್ಣಿಗೆ ಮುಲಾಮು ಸಾಕು, ರೆಪ್ಪೆಗೆ ಟೇಪು ಬೇಡ.

7. ಸಹಜ ಹೆರಿಗೆ ಆದರೆ: ಒಳಪರೀಕ್ಷೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಜೆಲ್ಲಿ ಹಚ್ಚಿಯೇ ಮಾಡಬೇಕು. ಕಾಲು ಎತ್ತಿ ಇಡುವ ಕಡ್ಡಿಗಳಿಗೆ ದಪ್ಪ ಹತ್ತಿ ಸುತ್ತಬೇಕು.

8. ಜೋಮು ಬಿಡುವ ತನಕ: ಇದನ್ನು ಮರೆಯುವುದು ಸುಲಭ. ಬೆನ್ನಿನ ಇಂಜೆಕ್ಷನ್ ಆದ ಮೇಲೆ ಕೆಲವು ಗಂಟೆ ಕಾಲಿನ ಮೇಲೆ ಆಕೆಗೆ ಸ್ಪರ್ಶ ಇರಲ್ಲ. ಹಿಮ್ಮಡಿ ಹಾಸಿಗೆಗೆ ಉಜ್ಜಿ ಚರ್ಮ ಹೋದರೂ ಗೊತ್ತಾಗಲ್ಲ. ಜೊತೆಯಲ್ಲಿ ಇರುವವರು ಕಾಲು, ಸೊಂಟ ನೋಡುತ್ತಲೇ ಇರಬೇಕು. ಆಕೆಯ ಮೈಗೆ ಆ ಹೊತ್ತಿನಲ್ಲಿ ನಾವೇ ಕಣ್ಣು.

ಇಷ್ಟಾದರೂ ಯಾರೋ ಮರೆತು ಪ್ಲಾಸ್ಟರ್ ಅಂಟಿಸಿಬಿಟ್ಟರೆ? ಕೀಳಲು ಹೋಗಬೇಡಿ. ವ್ಯಾಸಲೀನ್ ಅಥವಾ ಲಿಕ್ವಿಡ್ ಪ್ಯಾರಾಫಿನ್ ಧಾರಾಳ ಹಚ್ಚಿ ಚೆನ್ನಾಗಿ ನೆನೆಯಲು ಬಿಡಿ. ಆಮೇಲೆ ಅಂಚಿನಿಂದ ಮೆಲ್ಲಗೆ ಸುರುಳಿ ಸುತ್ತುತ್ತಾ ಬರಬೇಕು. ಬರದಿದ್ದರೆ ಅದನ್ನು ಹಾಗೇ ಬಿಡಿ, ತಾನಾಗಿ ಬಿಡಲಿ. ಹೊಸದಾಗಿ ಎದ್ದ ಗುಳ್ಳೆಯನ್ನು ಸಿಸ್ಟರ್ ಶುದ್ಧವಾದ ಸೂಜಿಯಿಂದ ಚುಚ್ಚಿ ನೀರು ತೆಗೆಯುತ್ತಾರೆ, ಮೇಲಿನ ಚರ್ಮ ಹಾಗೇ ಉಳಿಸುತ್ತಾರೆ. ಇಲ್ಲದಿದ್ದರೆ ಇ.ಬಿ. ಗುಳ್ಳೆ ಹರಡುತ್ತಾ ಹೋಗುತ್ತೆ.

ನೋಡಿ ಅಕ್ಕಂದಿರೇ, ಇದರಲ್ಲಿ ದುಬಾರಿ ಯಂತ್ರ ಎಷ್ಟಿದೆ? ಹತ್ತಿ, ಸುತ್ತುವ ಬ್ಯಾಂಡೇಜು, ವ್ಯಾಸಲೀನ್. ಸಿಲಿಕೋನ್ ಪಟ್ಟಿ ಒಂದು ಬೆಲೆ ಹೆಚ್ಚು. ಉಳಿದಿದ್ದೆಲ್ಲ ಕೈಯ ನಿಧಾನ, ಮೊದಲೇ ಸಿಕ್ಕ ತಿಳಿವಳಿಕೆ.

ಎಲ್ಲಿಗೆ ಹೋಗಬೇಕು, ಯಾವಾಗ?

ಬಸುರು ಗೊತ್ತಾದ ಕೂಡಲೇ ಆಶಾ ಕಾರ್ಯಕರ್ತೆಗೆ, ನರ್ಸಮ್ಮನಿಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸಬೇಕು. ಕಾರ್ಡಿನಲ್ಲಿ ಚರ್ಮದ ಕಾಯಿಲೆಯ ವಿಷಯ ಬರೆಸಲೇಬೇಕು. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರ ತಪಾಸಣೆ ಉಚಿತವಾಗಿ ಇದೆ. ಆ ದಿನ ಹೋಗಿ ತೋರಿಸಿ.

ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲ ತಪಾಸಣೆ ಮಾಡಿಸಬಹುದು. ಆದರೆ ಹೆರಿಗೆಯನ್ನು ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸುವುದು ಕ್ಷೇಮ. ಹೆರಿಗೆ ಡಾಕ್ಟರು, ಅರಿವಳಿಕೆ ಡಾಕ್ಟರು, ಚರ್ಮದ ಡಾಕ್ಟರು, ಮಕ್ಕಳ ಡಾಕ್ಟರು ನಾಲ್ವರೂ ಇರುವ ಕಡೆ ಆಗಬೇಕು. ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅಂದರೆ ಮಿಮ್ಸ್, ನಮಗೆ ಹತ್ತಿರ. ಮೈಸೂರಿನಲ್ಲಿ ಹೆರಿಗೆಗೇ ಹೆಸರಾದ ಚೆಲುವಾಂಬ ಆಸ್ಪತ್ರೆ ಇದೆ, ಪಕ್ಕದಲ್ಲೇ ಕೆ.ಆರ್. ಆಸ್ಪತ್ರೆ. ನಾಗಮಂಗಲದ ಕಡೆಯವರಿಗೆ ಬೆಳ್ಳೂರಿನ ಹತ್ತಿರ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಸಮೀಪ. ಎಲ್ಲಿ ಅಂತ ತೀರ್ಮಾನ ಮಾಡಿ, ಆ ಆಸ್ಪತ್ರೆಗೆ ಏಳನೇ ತಿಂಗಳೊಳಗೆ ಒಮ್ಮೆ ಹೋಗಿ "ನಮಗೆ ಅರಿವಳಿಕೆ ಡಾಕ್ಟರನ್ನು ಕಾಣಬೇಕು" ಅಂತ ಬಾಯಿಬಿಟ್ಟು ಕೇಳಿ.

ಹೊರಡುವ ದಿನ 108 ಆಂಬುಲೆನ್ಸ್ ಕರೆದರೆ ಅವರಿಗೂ ಹೇಳಿ: ದುಪ್ಪಟಿ ಸಮೇತ ಎತ್ತಿ, ಎಳೆಯಬೇಡಿ.

ರಕ್ತದ ಕಡೆ ಗಮನ ಇರಲಿ. ಗಾಯಗಳಿಂದ ದಿನಾ ರಕ್ತ, ರಸ ಹೋಗುವವರಿಗೆ ರಕ್ತಹೀನತೆ ಬೇಗ ಬರುತ್ತೆ. ರಾಗಿ ಅಂಬಲಿ, ಬೇಯಿಸಿ ಮಸೆದ ಸೊಪ್ಪು, ಕಾಳಿನ ಕಟ್ಟು, ಮೊಟ್ಟೆ ಹೀಗೆ ಮೆತ್ತಗಿರುವ ಊಟ ಕೊಡಿ. ಬಿಸಿಬಿಸಿ, ಗಟ್ಟಿ, ಖಾರ ಬೇಡ. ಕಬ್ಬಿಣದ ಮಾತ್ರೆ ನುಂಗಲು ಆಗದಿದ್ದರೆ ಬಿಸಾಡಬೇಡಿ, ಡಾಕ್ಟರಿಗೆ ಹೇಳಿ. ಸಿರಪ್ ಇದೆ, ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್ನೂ ಇದೆ.

ತಾಯಿ ಕಾರ್ಡಿನಲ್ಲಿ ಇಡುವ ಚೀಟಿ

ನೋವು ತಿನ್ನುತ್ತಿರುವವಳಿಗೆ ಎಲ್ಲ ವಿವರಿಸಿ ಹೇಳಲು ಆಗಲ್ಲ. ಅದಕ್ಕೆ ಒಂದು ಚೀಟಿ ಬರೆದು ತಾಯಿ ಕಾರ್ಡಿನೊಳಗೆ ಇಡಿ. ಒಂದು ಪ್ರತಿ ಗಂಡನ ಜೇಬಿನಲ್ಲಿ, ಒಂದು ತವರಿನಲ್ಲಿ ಇರಲಿ. ಸಂಘದಲ್ಲಿ ಬರೆಯಲು ಬರುವವರು ಬರೆದುಕೊಡಿ:

"ಡಾಕ್ಟರಿಗೆ, ಸಿಸ್ಟರಿಗೆ ನಮಸ್ಕಾರ. ನನಗೆ ಹುಟ್ಟಿನಿಂದ ಚರ್ಮ ಕಿತ್ತುಬರುವ ಕಾಯಿಲೆ ಇದೆ. ಇದರ ಹೆಸರು ಎಪಿಡರ್ಮೊಲೈಸಿಸ್ ಬುಲ್ಲೋಸಾ. ಇದು ಅಂಟುರೋಗ ಅಲ್ಲ. ದಯವಿಟ್ಟು ನನ್ನ ಮೈಗೆ ಪ್ಲಾಸ್ಟರ್ ಅಂಟಿಸಬೇಡಿ. ಉಜ್ಜಬೇಡಿ. ಎಳೆಯಬೇಡಿ. ಬಿ.ಪಿ. ಪಟ್ಟಿಯ ಕೆಳಗೆ ಹತ್ತಿ ಸುತ್ತಿ. ಬಾಯಿ ಇಷ್ಟು ತೆರೆಯುತ್ತದೆ: ___ ಬೆರಳು. ಬಾಯಲ್ಲಿ ಗುಳ್ಳೆ ಆಗುತ್ತದೆ / ಆಗುವುದಿಲ್ಲ. ಈ ಔಷಧಿಗಳನ್ನು ತೆಗೆದುಕೊಳ್ಳುತ್ತಿದ್ದೇನೆ: ___. ಅರಿವಳಿಕೆ ಡಾಕ್ಟರನ್ನು ಕಂಡ ದಿನ: ___."

ಚರ್ಮದ ಡಾಕ್ಟರು ರೋಗದ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಕಾಗದ ಇದ್ದರೆ ಅದನ್ನೂ ಜೊತೆಗೆ ಪಿನ್ನು ಮಾಡಿ. ರೋಗದ ಹೆಸರು ಇನ್ನೂ ಖಚಿತ ಆಗದಿದ್ದರೂ ಪರವಾಗಿಲ್ಲ, "ಚರ್ಮ ಕಿತ್ತುಬರುತ್ತದೆ" ಅಂತ ಬರೆದರೂ ಸಾಕು.

ಇ.ಬಿ. ಒಂದೇ ಅಲ್ಲ. ಮೈತುಂಬ ಗುಳ್ಳೆ ಏಳುವ ಪೆಂಫಿಗಸ್ ಎಂಬ ಕಾಯಿಲೆ ನಡುವಯಸ್ಸಿನಲ್ಲಿ, ಕೆಲವರಿಗೆ ಬಸುರಿಯಲ್ಲೂ ಬರಬಹುದು. ಅದಕ್ಕೆ ಸ್ಟೀರಾಯ್ಡ್ ಮಾತ್ರೆ ತಿನ್ನುತ್ತಿದ್ದರೆ ತಾವಾಗಿ ನಿಲ್ಲಿಸಬಾರದು, ಅರಿವಳಿಕೆ ಡಾಕ್ಟರಿಗೆ ಹೇಳಲೇಬೇಕು. ಚರ್ಮ ರಬ್ಬರಿನಂತೆ ಎಳೆದುಬರುವ, ಕೀಲು ಸಡಿಲ ಇರುವ ಇನ್ನೊಂದು ಬಗೆಯವರಿಗೆ ಮರಗಟ್ಟಿಸುವ ಔಷಧಿ ಸರಿಯಾಗಿ ಹಿಡಿಯದೆ ಹೋಗಬಹುದು. ಬೆಂಕಿ ಅನಾಹುತದಲ್ಲಿ ಕತ್ತು, ಬೆನ್ನು ಸುಟ್ಟು ಚರ್ಮ ಬಿಗಿದಿರುವ ಅಕ್ಕಂದಿರೂ ನಮ್ಮ ನಡುವೆ ಇದ್ದಾರೆ. ಇವರೆಲ್ಲರಿಗೂ ಒಂದೇ ಮಾತು: ಮೊದಲೇ ಹೇಳಿ.

ಬಾಣಂತನ ಮತ್ತು ಮಗು

ನಮ್ಮ ಕಡೆ ಬಾಣಂತನ ಅಂದರೆ ಎಣ್ಣೆ ತೀಡುವುದು, ಸುಡುವ ನೀರು ಹುಯ್ಯುವುದು, ಹೊಟ್ಟೆಗೆ ಬಟ್ಟೆ ಬಿಗಿಯುವುದು. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ಈ ತಾಯಿಗೆ ಇದು ಬೇಡ. ಉಗುರುಬೆಚ್ಚನೆ ನೀರು ಮೆಲ್ಲಗೆ ಹಾಕಿ. ಒರೆಸಬೇಡಿ, ಮೆತ್ತನೆ ಬಟ್ಟೆ ಒತ್ತಿ ನೀರು ಹೀರಿಸಿ. ಹೊಟ್ಟೆ ಕಟ್ಟುವುದು ಬಿಡಿ. ಸೀಮಂತದಲ್ಲಿ ಬಳೆ ತೊಡಿಸುವ ಆಸೆ ಇದ್ದರೆ ಕೈ ಹಿಸುಕದೆ ಸಲೀಸಾಗಿ ಇಳಿಯುವ ದೊಡ್ಡ ಅಳತೆಯ ಬಳೆ ತನ್ನಿ, ಇಲ್ಲವೇ ಮಡಿಲಿಗೆ ಇಡಿ. ಶಾಸ್ತ್ರಕ್ಕೂ ಕಮ್ಮಿ ಇಲ್ಲ, ಕೈಗೂ ನೋವಿಲ್ಲ.

ಮಗುವಿಗೂ ಈ ಕಾಯಿಲೆ ಇರಬಹುದು, ಇಲ್ಲದೆಯೂ ಇರಬಹುದು. ಒಂದು ಬಗೆಯಲ್ಲಿ ತಂದೆ ಅಥವಾ ತಾಯಿ ಒಬ್ಬರಿಗೆ ಇದ್ದರೂ ಪ್ರತಿ ಬಸುರಿನಲ್ಲಿ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಇನ್ನೊಂದು ಬಗೆಯಲ್ಲಿ ತಂದೆ ತಾಯಿ ಇಬ್ಬರಿಂದಲೂ ಕೊರತೆ ಬರಬೇಕು. ಕಾಯಿಲೆ ಇಲ್ಲದ, ಆದರೆ ಕೊರತೆಯನ್ನು ಒಳಗೇ ಹೊತ್ತಿರುವ ಇಬ್ಬರು ಮದುವೆಯಾದರೆ ಪ್ರತಿ ಬಸುರಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಸಂಭವ. ಸೋದರಮಾವನಿಗೆ, ಅತ್ತೆಮಗನಿಗೆ ಕೊಡುವ ನಮ್ಮ ಪದ್ಧತಿಯಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಕೊರತೆ ಇರುವುದು ಹೆಚ್ಚು. ಇದರಲ್ಲಿ ಹೆಣ್ಣನ್ನು ಮಾತ್ರ ದೂರುವಂತಿಲ್ಲ, ಲೆಕ್ಕ ಇಬ್ಬರದೂ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸಂಸ್ಥೆಯಲ್ಲಿ ವಂಶವಾಹಿ ಕಾಯಿಲೆಗಳ ಬಗ್ಗೆ ಪರೀಕ್ಷೆ, ಸಲಹೆ ಸಿಗುತ್ತೆ. ಮುಂದಿನ ಮಗುವಿನ ಯೋಚನೆ ಇರುವವರು ಡಾಕ್ಟರಿಂದ ಚೀಟಿ ಬರೆಸಿಕೊಂಡು ಹೋಗಬಹುದು.

ಹುಟ್ಟಿದ ಮಗುವಿಗೆ ಗುಳ್ಳೆ ಕಂಡರೆ ಹೊಕ್ಕುಳ ಬಳ್ಳಿಗೆ ಪ್ಲಾಸ್ಟಿಕ್ ಕ್ಲಿಪ್ಪಿನ ಬದಲು ದಾರ ಕಟ್ಟಿಸಿ. ಕೈಗೆ ಗುರುತಿನ ಪಟ್ಟಿ, ಕಡಗ, ಬಿಗಿ ಉಡಿದಾರ ಬೇಡ. ಕಂಕುಳಲ್ಲಿ ಹಿಡಿದು ಎತ್ತದೆ, ಮೆತ್ತನೆ ಬಟ್ಟೆಯ ಸಮೇತ ಅಂಗೈ ಕೆಳಗಿಟ್ಟು ಎತ್ತಿ. ಕಾಲ ಮೇಲೆ ಮಲಗಿಸಿ ತಿಕ್ಕಿ ಎಣ್ಣೆನೀರು ಹಾಕುವುದು ಬೇಡವೇ ಬೇಡ. ಎದೆಹಾಲು ಕೊಡಬಹುದು. ಮಗುವಿನ ತುಟಿಗೆ, ತಾಯಿಯ ಮೊಲೆತೊಟ್ಟಿಗೆ ಸ್ವಲ್ಪ ವ್ಯಾಸಲೀನ್ ಸವರಿದರೆ ಉಜ್ಜುವುದು ಕಡಿಮೆ ಆಗುತ್ತೆ. ಮಗುವನ್ನು ಮಕ್ಕಳ ಡಾಕ್ಟರಿಗೆ, ಚರ್ಮದ ಡಾಕ್ಟರಿಗೆ ತೋರಿಸಲೇಬೇಕು.

ಒಬ್ಬ ತಾಯಿ, ಒಂದು ಸಂಘ

ಇಂಗ್ಲೆಂಡಿನಲ್ಲಿ ಫಿಲ್ಲಿಸ್ ಹಿಲ್ಟನ್ ಎಂಬ ತಾಯಿ ಇದ್ದರು. ಅವರ ಮಗಳು ಡೆಬ್ರಾಗೆ ಹುಟ್ಟಿನಿಂದ ಇ.ಬಿ. ಇತ್ತು. ಮಗಳನ್ನು ಸಾಕುತ್ತಾ ತಾವು ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ, ಅಂಥದೇ ಮಕ್ಕಳಿರುವ ಬೇರೆ ತಂದೆತಾಯಿಗಳನ್ನು ಹುಡುಕಿ 1978ರಲ್ಲಿ ಒಂದು ಸಂಘ ಕಟ್ಟಿದರು. ಅದರ ಹೆಸರೂ ಡೆಬ್ರಾ. ಇವತ್ತು ಅದೇ ಹೆಸರಿನ ಸಂಘಗಳು ಅನೇಕ ದೇಶಗಳಲ್ಲಿವೆ. ಹತ್ತಾರು ಜನ ಕೂತು ಕಷ್ಟ ಹಂಚಿಕೊಂಡಿದ್ದರಿಂದ ಶುರುವಾದದ್ದು ಅದು. ನಮ್ಮ ಸಂಘಗಳೂ ಶುರುವಾದದ್ದು ಹೀಗೇ ಅಲ್ಲವೇ?

ನಮ್ಮ ಸಂಘ ಮಾಡಬಹುದಾದದ್ದು

ಸಂಘದಲ್ಲಿ ಅಥವಾ ಬೀದಿಯಲ್ಲಿ ಇಂಥ ಬಸುರಿ ಇದ್ದರೆ ಇಬ್ಬರು ಸದಸ್ಯೆಯರು ಆಕೆಯ ಜೊತೆಗೆ ನಿಲ್ಲಲಿ. ಒಬ್ಬರು ಡಾಕ್ಟರ ಹತ್ತಿರ ಜೊತೆಗೆ ಹೋಗಲಿ, ಇನ್ನೊಬ್ಬರು ಹೆರಿಗೆಯ ದಿನ ಆಸ್ಪತ್ರೆಯಲ್ಲಿ ಇರಲಿ. ಬ್ಯಾಂಡೇಜು, ಸಿಲಿಕೋನ್ ಪಟ್ಟಿ, ಓಡಾಟದ ಖರ್ಚಿಗೆ ಸಂಘದಿಂದ ತುರ್ತು ಸಾಲ ಕೊಡಲು ಮೊದಲೇ ಠರಾವು ಮಾಡಿಡಿ. ಆಸ್ಪತ್ರೆಗೆ ಹೋದಾಗ ಜಗಳಕ್ಕೆ ನಿಲ್ಲಬೇಡಿ, ಸುಮ್ಮನೆಯೂ ಇರಬೇಡಿ. ಚೀಟಿ ಮುಂದಿಟ್ಟು ಮರ್ಯಾದೆಯಿಂದ, ಗಟ್ಟಿಯಾಗಿ ಹೇಳಿ.

ಮೊದಲು ಹೇಳಿದ ಆ ಹೆಣ್ಣುಮಗಳನ್ನು ಇನ್ನೊಮ್ಮೆ ನೆನೆಯೋಣ. ಈ ಸಾರಿ ಆಕೆಯ ತಾಯಿ ಕಾರ್ಡಿನಲ್ಲಿ ಚೀಟಿ ಇದೆ. ಏಳನೇ ತಿಂಗಳಲ್ಲೇ ಅರಿವಳಿಕೆ ಡಾಕ್ಟರು ಬಾಯಿ, ಬೆನ್ನು ನೋಡಿ ಬರೆದಿಟ್ಟಿದ್ದಾರೆ. ಅದೇ ರಾತ್ರಿ, ಅದೇ ಅಡ್ಡ ಮಗು, ಅದೇ ಆಪರೇಷನ್. ಆದರೆ ಸಿಸ್ಟರ್ ಪ್ಲಾಸ್ಟರ್ ಬದಿಗಿಟ್ಟು ಹತ್ತಿ ಸುತ್ತುತ್ತಿದ್ದಾರೆ. ಮಾರನೇ ದಿನ ಆಕೆ ಎರಡೂ ಕೈಯಲ್ಲಿ ಮಗುವನ್ನು ಎತ್ತಿಕೊಂಡಿದ್ದಾಳೆ. ವ್ಯತ್ಯಾಸ ಒಂದು ಚೀಟಿ, ಒಂದು ಮಾತು.

ಸಭೆಯಲ್ಲಿ ಚರ್ಚಿಸಿ:

1. ನಮ್ಮ ಊರಿನಲ್ಲಿ ಚರ್ಮದ ಕಾಯಿಲೆಯಿಂದ ಮನೆಯೊಳಗೇ ಉಳಿದುಬಿಟ್ಟ ಹೆಣ್ಣುಮಕ್ಕಳು ಇದ್ದಾರೆಯೇ? ಅವರನ್ನು ಕೊನೆಯ ಸಲ ಮಾತಾಡಿಸಿದ್ದು ಯಾವಾಗ?

2. ಕಾಯಿಲೆಯ ವಿಷಯ ಆಸ್ಪತ್ರೆಯಲ್ಲಿ ಹೇಳಲು ನಮಗೆ ಅಡ್ಡ ಬರುವುದು ಏನು? ನಾಚಿಕೆಯೋ, ಭಯವೋ, ಮನೆಯವರ ಮಾತೋ?

3. ಈ ತಿಂಗಳು ನಮ್ಮ ಸಂಘದ ಬಸುರಿಯರಲ್ಲಿ ಯಾರು ಯಾರು ತಮ್ಮ ಹಳೇ ಕಾಯಿಲೆ, ತಿನ್ನುವ ಮಾತ್ರೆಗಳನ್ನು ತಾಯಿ ಕಾರ್ಡಿನಲ್ಲಿ ಬರೆಸಿದ್ದಾರೆ?

4. ತುರ್ತು ಸಾಲಕ್ಕೆ ಎಷ್ಟು ಹಣ ತೆಗೆದಿಡೋಣ? ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ.

ನೆನಪಿಡಿ: ಅಂಟಿಸಬೇಡಿ. ಉಜ್ಜಬೇಡಿ. ಎಳೆಯಬೇಡಿ. ಮೊದಲೇ ಹೇಳಿ.